ಶೇ. 3.1 ಇದ್ದದ್ದು ಎರಡೇ ದಿನದಲ್ಲಿ ಸೊನ್ನೆಯ ಹತ್ತಿರ ಬಂದದ್ದು ಹೇಗೆ?

2025ರ ಜನವರಿ ಕೊನೆಯಲ್ಲಿ ಒಂದು ಸುದ್ದಿ ಬಂತು. 2024 ವೈಆರ್4 ಅನ್ನುವ ಕ್ಷುದ್ರಗ್ರಹ 2032ರ ಡಿಸೆಂಬರ್ 22ರಂದು ಭೂಮಿಗೆ ಅಪ್ಪಳಿಸಬಹುದು, ಸಾಧ್ಯತೆ ಶೇ. 1ಕ್ಕಿಂತ ಸ್ವಲ್ಪ ಜಾಸ್ತಿ ಅಂತ. ಫೆಬ್ರವರಿ ಮೊದಲ ವಾರ ಕಳೆಯುವಷ್ಟರಲ್ಲಿ ಅದು ಶೇ. 2 ದಾಟಿತು. ಫೆಬ್ರವರಿ 18ಕ್ಕೆ ನಾಸಾ ಶೇ. 3.1 ಅಂದಿತು. ಅಂಕಿ ಏರಿದಷ್ಟೂ ತಲೆಬರಹದ ಅಕ್ಷರ ದಪ್ಪ ಆಗುತ್ತಾ ಹೋಯಿತು. ಆಮೇಲೆ ಎರಡೇ ದಿನ, ಶೇ. 0.28ಕ್ಕೆ ಇಳಿಯಿತು. 24ನೇ ತಾರೀಕಿಗೆ ಶೇ. 0.004. ಅಲ್ಲಿಗೆ ಸುದ್ದಿವಾಹಿನಿಗಳು ಬೇರೆ ವಿಷಯ ಹಿಡಿದುಕೊಂಡವು.

ಜನರ ಮಾತು ಮಾತ್ರ ನಿಲ್ಲಲಿಲ್ಲ. "ಇವರಿಗೇ ನೆಟ್ಟಗೆ ಗೊತ್ತಿಲ್ಲ, ಸುಮ್ನೆ ಹೆದರಿಸ್ತಾರೆ" ಅಂದವರು ಬಹಳ ಜನ. "ದುಡ್ಡು ಬೇಕಾದಾಗ ಒಂದು ಬಂಡೆ ತೋರಿಸ್ತಾರೆ, ಸಿಕ್ಕಿದ ಮೇಲೆ ಏನೂ ಇಲ್ಲ ಅಂತಾರೆ" ಅಂದವರೂ ಇದ್ದರು. ಇನ್ನು ಕೆಲವರದು ಪೂರ್ತಿ ಉಲ್ಟಾ ವಾದ: ಬಡಿಯುವುದು ಖಾತ್ರಿ, ಜನ ಗಾಬರಿಯಾಗುತ್ತಾರೆ ಅಂತ ಅಂಕಿ ಇಳಿಸಿದ್ದಾರೆ, ಇಲ್ಲದಿದ್ದರೆ ಮೂರು ವಾರ ಏರಿದ್ದು ಎರಡು ದಿನದಲ್ಲಿ ಬೀಳುವುದು ಹೇಗೆ?

ಈ ಕೊನೆಯ ಪ್ರಶ್ನೆ ನಿಜಕ್ಕೂ ಒಳ್ಳೆಯ ಪ್ರಶ್ನೆ. ನಿಧಾನಕ್ಕೆ ಏರಿ ದಿಢೀರ್ ಬೀಳುವುದು ಯಾರಿಗಾದರೂ ಅನುಮಾನ ತರಿಸುವಂಥದ್ದೇ. ಆದರೆ ಲೆಕ್ಕ ಬಿಡಿಸಿ ನೋಡಿದರೆ, ಬಡಿಯದೇ ಹತ್ತಿರದಲ್ಲಿ ಹಾದು ಹೋಗುವ ಬಂಡೆಯ ಅಂಕಿ ನಡೆದುಕೊಳ್ಳಬೇಕಾದದ್ದೇ ಹೀಗೆ. ಏರದೆ ನೇರವಾಗಿ ಇಳಿದಿದ್ದರೆ ಅದೇ ಅಪರೂಪ.

ಮೊದಲು, ಲೆಕ್ಕ ಹಾಕುವ ವಿಜ್ಞಾನಿಗಳ ಕೈಯಲ್ಲಿ ಏನಿರುತ್ತದೆ ಅನ್ನುವುದನ್ನು ನೋಡೋಣ. ಏನೂ ಇಲ್ಲ, ಬರೀ ಚುಕ್ಕೆಗಳು. ಈ ಬಂಡೆ ಸಿಕ್ಕಿದ್ದು 2024ರ ಡಿಸೆಂಬರ್ 27ರಂದು, ಚಿಲಿ ದೇಶದಲ್ಲಿರುವ ಅಟ್ಲಾಸ್ ಟೆಲಿಸ್ಕೋಪಿಗೆ. ಅಟ್ಲಾಸ್ ಕೆಲಸ ಮಾಡುವ ರೀತಿ ಸರಳ. ಆಕಾಶದ ಒಂದೇ ಜಾಗದ ಫೋಟೋವನ್ನು ಒಂದು ಗಂಟೆಯೊಳಗೆ ನಾಲ್ಕು ಸಲ ತೆಗೆಯುತ್ತದೆ. ನಕ್ಷತ್ರಗಳೆಲ್ಲ ಇದ್ದಲ್ಲೇ ಇರುತ್ತವೆ, ಒಂದು ಚುಕ್ಕೆ ಮಾತ್ರ ಜರುಗಿರುತ್ತದೆ. ಆ ಚುಕ್ಕೆ ಯಾವ ಹೊತ್ತಿಗೆ ಎಲ್ಲಿತ್ತು ಅನ್ನುವ ಅಳತೆ ಅಮೆರಿಕದ ಮೈನರ್ ಪ್ಲಾನೆಟ್ ಸೆಂಟರಿಗೆ ಹೋಗುತ್ತದೆ. ಅಲ್ಲಿಂದ ಎಲ್ಲರೂ ನೋಡುವ ಹಾಗೆ ಪ್ರಕಟವಾಗುತ್ತದೆ. ಆಮೇಲೆ ಬೇರೆ ದೇಶಗಳ ಟೆಲಿಸ್ಕೋಪುಗಳು, ಹವ್ಯಾಸಿಗಳೂ ಸೇರಿ, ಅದೇ ಚುಕ್ಕೆಯನ್ನು ಹುಡುಕಿ ತಮ್ಮ ಅಳತೆ ಸೇರಿಸುತ್ತಾರೆ.

ಇಲ್ಲೊಂದು ತಮಾಷೆ ಇದೆ. ವೈಆರ್4 ಸಿಕ್ಕಿದ್ದು 27ಕ್ಕೆ, ಆದರೆ ಅದು ಭೂಮಿಗೆ ತೀರಾ ಹತ್ತಿರ ಬಂದು ಹೋಗಿದ್ದು 25ಕ್ಕೇ. ಸುಮಾರು 8.3 ಲಕ್ಷ ಕಿ.ಮೀ. ದೂರದಲ್ಲಿ, ಅಂದರೆ ಚಂದ್ರನ ದೂರದ ಎರಡು ಪಟ್ಟಿಗಿಂತ ಸ್ವಲ್ಪ ಆಚೆ. ನಮ್ಮನ್ನು ದಾಟಿ ಹೋದ ಮೇಲೆ ನಾವು ಅದನ್ನು ನೋಡಿದ್ದು. ಅದು ಸೂರ್ಯನನ್ನು ಒಂದು ಸುತ್ತು ಹಾಕಲು ಹತ್ತಿರಹತ್ತಿರ 4 ವರ್ಷ ಬೇಕು. ಹಾಗಾಗಿ 2028ರ ಕೊನೆಗೆ ಒಮ್ಮೆ ಬರುತ್ತದೆ, 2032ರ ಕೊನೆಗೆ ಮತ್ತೊಮ್ಮೆ. ಮೊದಲ ಕೆಲವು ವಾರಗಳ ಚುಕ್ಕೆ ಹಿಡಿದುಕೊಂಡು 8 ವರ್ಷ ಆಚೆಗಿನ ಒಂದು ದಿನದ ಲೆಕ್ಕ ಹೇಳಬೇಕು ಅಂದರೆ ಎಷ್ಟು ಕಷ್ಟ ಅಂತ ಈಗ ನೋಡಿ.

ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಓಡುತ್ತಿದೆ. ಅದರ ವ್ಯಾಸ 12,742 ಕಿ.ಮೀ. ಭಾಗಿಸಿದರೆ, ತನ್ನ ಮೈಯಷ್ಟು ದೂರವನ್ನು ಭೂಮಿ 7 ನಿಮಿಷದಲ್ಲಿ ದಾಟಿಬಿಡುತ್ತದೆ. ಎರಡು ದಾರಿಗಳು ಕೂಡುವ ಜಾಗಕ್ಕೆ ಬಂಡೆ ಒಂದು ಹತ್ತು ನಿಮಿಷ ತಡವಾಗಿ ಬಂದರೂ ಸಾಕು, ನಾವು ಅಲ್ಲಿರುವುದಿಲ್ಲ. ಹಾಗಾಗಿ ಬಡಿಯುತ್ತದೋ ಇಲ್ಲವೋ ಅನ್ನುವ ಪ್ರಶ್ನೆಗೆ ಉತ್ತರ ಕೊಡಲು 8 ವರ್ಷ ಮುಂಚೆಯೇ ಅದು ಬರುವ ಹೊತ್ತನ್ನು ನಿಮಿಷದ ಲೆಕ್ಕದಲ್ಲಿ ಹೇಳಬೇಕು.

ವೇಗದ ಅಳತೆಯಲ್ಲಿ ಸೆಕೆಂಡಿಗೆ ಬರೀ 1 ಸೆಂ.ಮೀ. ತಪ್ಪಾಯಿತು ಅಂದುಕೊಳ್ಳಿ. ಇರುವೆ ನಡೆಯುವಷ್ಟು. 8 ವರ್ಷ ಅಂದರೆ ಸುಮಾರು 25 ಕೋಟಿ ಸೆಕೆಂಡು, ಹಾಗಾಗಿ ತಪ್ಪು 2,500 ಕಿ.ಮೀ. ಆಗುತ್ತದೆ. ಅಷ್ಟೇ ಅಲ್ಲ, ವೇಗ ಬದಲಾದರೆ ಕಕ್ಷೆಯ ಗಾತ್ರವೂ ಬದಲಾಗುತ್ತದೆ, ಒಂದು ಸುತ್ತಿಗೆ ಹಿಡಿಯುವ ಸಮಯವೂ ಬದಲಾಗುತ್ತದೆ. ಅದನ್ನೂ ಸೇರಿಸಿದರೆ ತಪ್ಪು ಸುಮಾರು ಮೂರು ಪಟ್ಟು, ಏಳೂವರೆ ಸಾವಿರ ಕಿ.ಮೀ. ಭೂಮಿಯ ಅರ್ಧಕ್ಕಿಂತ ಜಾಸ್ತಿ ಆಯಿತು. ಈ 1 ಸೆಂ.ಮೀ. ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಷ್ಟು ಅನಿಶ್ಚಿತತೆ ಇರುವಾಗ ಬಂಡೆ ಆ ದಿನ ಇಂಥ ಜಾಗದಲ್ಲೇ ಇರುತ್ತದೆ ಅಂತ ಯಾರೂ ಹೇಳುವುದಿಲ್ಲ. ಇಲ್ಲಿಂದ ಅಲ್ಲಿಯವರೆಗೆ ಎಲ್ಲಾದರೂ ಇರಬಹುದು ಅನ್ನುತ್ತಾರೆ. ಬರುವ ಹೊತ್ತಿನ ಅನುಮಾನವೇ ದೊಡ್ಡದಾಗಿರುವುದರಿಂದ ಆ "ಎಲ್ಲಾದರೂ" ಒಂದು ಉದ್ದನೆಯ, ತೀರಾ ಸಪೂರ ಪಟ್ಟಿಯ ಆಕಾರದಲ್ಲಿರುತ್ತದೆ. ಕಂಪ್ಯೂಟರಿನಲ್ಲಿ ಇದೇ ಅಳತೆಗಳಿಗೆ ಹೊಂದುವ ಸಾವಿರಾರು ನಕಲಿ ಬಂಡೆಗಳನ್ನು ಬಿಟ್ಟು, ಪ್ರತಿಯೊಂದನ್ನೂ 2032ರವರೆಗೆ ಓಡಿಸಿ, ಎಷ್ಟು ಭೂಮಿಗೆ ತಾಗುತ್ತವೆ ಅಂತ ಎಣಿಸುವ ವಿಧಾನವೂ ಇದೆ. ನೂರರಲ್ಲಿ ಮೂರು ತಾಗಿದರೆ ಶೇ. 3.

ಈಗ ಪಟ್ಟಿಯ ಲೆಕ್ಕ ಮಾಡೋಣ. ಇದು ಅರ್ಥವಾಗಲಿ ಅಂತ ಹಾಕಿಕೊಂಡ ಸರಳ ಅಂಕಿ, ನಿಜವಾದ ಲೆಕ್ಕದಲ್ಲಿ ಪಟ್ಟಿಯ ನಡುವಿಗೆ ತೂಕ ಜಾಸ್ತಿ, ತುದಿಗೆ ಕಮ್ಮಿ. ಪಟ್ಟಿ 10 ಲಕ್ಷ ಕಿ.ಮೀ. ಉದ್ದ ಇದೆ, ಭೂಮಿ ಅದರ ಒಳಗೆ ಎಲ್ಲೋ ಒಂದು ಕಡೆ ಬಿದ್ದಿದೆ ಅಂದುಕೊಳ್ಳಿ. 12,742 ಕಿ.ಮೀ.ಯನ್ನು 10 ಲಕ್ಷದಿಂದ ಭಾಗಿಸಿದರೆ ಸುಮಾರು ಶೇ. 1.3. ಮುಂದಿನ ವಾರ ಒಳ್ಳೊಳ್ಳೆ ಅಳತೆ ಬಂದವು, ಪಟ್ಟಿ 4 ಲಕ್ಷ ಕಿ.ಮೀ.ಗೆ ಕುಗ್ಗಿತು. ಭೂಮಿ ಇನ್ನೂ ಒಳಗೇ ಇದೆ. ಭೂಮಿಯ ಗಾತ್ರ ಬದಲಾಗಿಲ್ಲ, ಪಟ್ಟಿ ಮಾತ್ರ ಚಿಕ್ಕದಾಯಿತು, ಹಾಗಾಗಿ ಶೇ. 3.2. ಬಂಡೆ ಒಂದಿಂಚೂ ನಮ್ಮ ಕಡೆ ವಾಲಿಲ್ಲ, ಆದರೂ ಅಂಕಿ ಎರಡೂವರೆ ಪಟ್ಟಾಯಿತು. ಅದರ ಮುಂದಿನ ವಾರ ಪಟ್ಟಿ ಇನ್ನೂ ಕುಗ್ಗಿ 2 ಲಕ್ಷಕ್ಕೆ ಬಂತು. ಈ ಸಲ ಪಟ್ಟಿಯ ತುದಿ ಭೂಮಿಯನ್ನು ದಾಟಿ ಒಳಗೆ ಸರಿದುಬಿಟ್ಟಿತು. ಭೂಮಿ ಹೊರಗೆ. ಅಂಕಿ ಸೊನ್ನೆ.

ಮೆಲ್ಲಗೆ ಏರಿ ಧೊಪ್ಪನೆ ಬೀಳುವುದಕ್ಕೆ ಕಾರಣ ಇಷ್ಟೇ. ಪಟ್ಟಿಯ ಒಳಗೆ ಇರುವಷ್ಟು ಹೊತ್ತು ಏರಲೇಬೇಕು, ಹೊರಗೆ ಬಿದ್ದ ಕೂಡಲೇ ಬೀಳಲೇಬೇಕು. ಮನೆಯಲ್ಲಿ ಬೀಗದ ಕೈ ಕಳೆದಾಗ ಆಗುವುದೂ ಇದೇ ಅಲ್ವಾ? ಒಂದೊಂದೇ ಕೋಣೆ ಹುಡುಕಿ ಇಲ್ಲ ಅಂತಾದಂತೆ, ಉಳಿದ ಕೋಣೆಗಳಲ್ಲಿ ಇರುವ ಸಾಧ್ಯತೆ ಏರುತ್ತಾ ಹೋಗುತ್ತದೆ. ಕೊನೆಗೆ ಹಜಾರದಲ್ಲಿ ಸಿಕ್ಕಿತು ಅಂದರೆ ಅಡುಗೆಮನೆಯ ಸಾಧ್ಯತೆ ಅದೇ ಕ್ಷಣದಲ್ಲಿ ಸೊನ್ನೆ. ಅಡುಗೆಮನೆಯ ವಿಷಯದಲ್ಲಿ ಯಾರೋ ಸುಳ್ಳು ಹೇಳಿದ್ದರು ಅಂತ ನಾವು ಅನ್ನುವುದಿಲ್ಲ.

ಫೆಬ್ರವರಿಯಲ್ಲಿ ಅಂಕಿ ಬಿದ್ದ ಹೊತ್ತಿಗೂ ಒಂದು ಸಾದಾ ಕಾರಣ ಇದೆ. ಫೆಬ್ರವರಿ 12ಕ್ಕೆ ಹುಣ್ಣಿಮೆ ಇತ್ತು. ಬೆಳದಿಂಗಳಲ್ಲಿ ಇಂಥ ಮಸುಕು ಚುಕ್ಕೆ ಕಾಣುವುದಿಲ್ಲ, ಹಾಗಾಗಿ ಆ ದಿನಗಳಲ್ಲಿ ಅಳತೆ ಕಮ್ಮಿ. ಬೆಳದಿಂಗಳು ಕಳೆದ ಮೇಲೆ ಟೆಲಿಸ್ಕೋಪುಗಳು ಮತ್ತೆ ಬಂಡೆಯ ಬೆನ್ನು ಹತ್ತಿದವು, ಅಳತೆ ಒಟ್ಟಿಗೆ ಬಂದವು, ಪಟ್ಟಿ ಕುಗ್ಗಿತು. ನಾಸಾ ಶೇ. 3.1 ಅಂದಾಗ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಇಎಸ್‌ಎ ಶೇ. 2.8 ಅಂದಿತ್ತು, ಅದನ್ನೂ "ನೋಡಿ, ಇವರಿಬ್ಬರಿಗೇ ಹೊಂದಲ್ಲ" ಅಂತ ಆಡಿಕೊಂಡರು. ಯಾವ ಟೆಲಿಸ್ಕೋಪಿನ ಅಳತೆಗೆ ಎಷ್ಟು ತೂಕ ಕೊಡಬೇಕು ಅನ್ನುವುದನ್ನು ಎರಡೂ ಕಡೆಯವರು ಬೇರೆ ಬೇರೆಯಾಗಿ ನಿರ್ಧರಿಸುತ್ತಾರೆ. ಇಷ್ಟು ಸಣ್ಣ ವ್ಯತ್ಯಾಸ ಬರುವುದು ಸಹಜ. ನಿಜ ಹೇಳಬೇಕೆಂದರೆ, ಇಬ್ಬರೂ ಬೇರೆಯಾಗಿ ಲೆಕ್ಕ ಹಾಕಿಯೂ ಅಷ್ಟು ಹತ್ತಿರ ಬಂದಿದ್ದೇ ಸಮಾಧಾನದ ವಿಷಯ.

ಇದು ಮೊದಲ ಸಲವೂ ಅಲ್ಲ. 2004ರ ಡಿಸೆಂಬರಿನಲ್ಲಿ ಅಪೋಫಿಸ್ ಅನ್ನುವ ಬಂಡೆಯ ವಿಷಯದಲ್ಲಿ ಹೀಗೇ ಆಗಿತ್ತು. ಅದು ವೈಆರ್4ಗಿಂತ ಬಹಳ ದೊಡ್ಡದು, ಸುಮಾರು 340 ಮೀಟರ್. 2029ರ ಏಪ್ರಿಲ್ 13ಕ್ಕೆ ಬಡಿಯುವ ಸಾಧ್ಯತೆ ಏರಿ ಏರಿ ಶೇ. 2.7ಕ್ಕೆ ಹೋಗಿತ್ತು. ಆಗ ಕೆಲವರು ಹಳೆಯ ಫೋಟೋಗಳನ್ನು ತೆಗೆದು ಹುಡುಕಿದರು. ಅದೇ ವರ್ಷದ ಮಾರ್ಚ್‌ನಲ್ಲಿ ಬೇರೇನೋ ಹುಡುಕುವಾಗ ತೆಗೆದ ಚಿತ್ರಗಳಲ್ಲಿ ಈ ಚುಕ್ಕೆ ಬಿದ್ದಿತ್ತು, ಆಗ ಯಾರೂ ಗಮನಿಸಿರಲಿಲ್ಲ. ಒಂದೇ ಸಲಕ್ಕೆ ಅಳತೆಯ ಅವಧಿ ತಿಂಗಳುಗಟ್ಟಲೆ ಹಿಂದಕ್ಕೆ ಚಾಚಿತು, ಪಟ್ಟಿ ಕುಗ್ಗಿತು, 2029ರ ಭಯ ಹೋಯಿತು. 2021ರಲ್ಲಿ ರೇಡಾರ್ ಅಳತೆ ಮಾಡಿದ ಮೇಲೆ ಮುಂದಿನ 100 ವರ್ಷಕ್ಕೂ ಅಪೋಫಿಸ್‌ನಿಂದ ತೊಂದರೆ ಇಲ್ಲ ಅಂತ ಖಚಿತವಾಯಿತು. 2029ರಲ್ಲಿ ಅದು ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿ.ಮೀ. ಎತ್ತರದಲ್ಲಿ ಹಾದು ಹೋಗುತ್ತದೆ. ಟಿವಿ ಉಪಗ್ರಹಗಳು ಸುತ್ತುವ 36,000 ಕಿ.ಮೀ.ಗಿಂತಲೂ ಒಳಗೆ! ಕೆಲವು ಪ್ರದೇಶಗಳಲ್ಲಿ ಬರಿಗಣ್ಣಿಗೂ ಕಾಣುತ್ತದೆ. ಆ ವಾರ ಎಂಥೆಂಥ ಸುದ್ದಿ ಬರಬಹುದು ಅಂತ ಈಗಲೇ ಊಹಿಸಬಹುದು.

ಹಾಗಾದರೆ ಎಲ್ಲ ಸಲವೂ ಸೊನ್ನೆಗೇ ಬರುತ್ತದಾ? ಇಲ್ಲ. ಪಟ್ಟಿ ಕುಗ್ಗಿ ಕುಗ್ಗಿ ಭೂಮಿಯ ಮೇಲೇ ನಿಂತರೆ ಅಂಕಿ ಶೇ. 100ಕ್ಕೆ ಹೋಗುತ್ತದೆ. ಹಾಗೂ ಆಗಿದೆ. 2008ರ ಅಕ್ಟೋಬರ್ 6ರಂದು ಸುಮಾರು 4 ಮೀಟರಿನ ಒಂದು ಬಂಡೆ ಸಿಕ್ಕಿತು, 2008 ಟಿಸಿ3 ಅಂತ. ಅಳತೆ ಸೇರಿದಂತೆ ಬಡಿಯುವುದು ಖಚಿತವಾಯಿತು. ಕಂಡುಹಿಡಿದ ಸುಮಾರು 20 ಗಂಟೆಯಲ್ಲಿ, 7ನೇ ತಾರೀಕು, ಹೇಳಿದ ಹೊತ್ತಿಗೇ ಸುಡಾನಿನ ಮರುಭೂಮಿಯ ಮೇಲೆ ಸಿಡಿಯಿತು. ಆಮೇಲೆ ಹೋಗಿ ಅದರ ಚೂರುಗಳನ್ನು ಆಯ್ದುಕೊಂಡು ಬಂದರು. ಅದೇ ವಿಧಾನ, ಅದೇ ಗಣಿತ. ಅದಕ್ಕೇ "ಇವರ ಲೆಕ್ಕ ಯಾವತ್ತೂ ಸುಳ್ಳಾಗುತ್ತೆ" ಅನ್ನುವವರಿಗೆ ನಾನು ಸುಡಾನಿನ ಕಥೆ ಹೇಳುತ್ತೇನೆ.

ಮುಚ್ಚಿಡುತ್ತಾರೆ ಅನ್ನುವ ಮಾತಿಗೆ ಬರೋಣ. ಚುಕ್ಕೆಗಳ ಅಳತೆ ಎಲ್ಲರಿಗೂ ಸಿಗುತ್ತದೆ ಅಂದೆನಲ್ಲ. ನಾಸಾದ ಜೆಪಿಎಲ್ ಪ್ರಯೋಗಾಲಯ ಒಂದು ಲೆಕ್ಕ ಹಾಕುತ್ತದೆ, ಇಎಸ್‌ಎ ಇನ್ನೊಂದು, ಇಟಲಿಯ ಪೀಸಾದಲ್ಲಿ ಶುರುವಾದ ನಿಯೋಡಿಸ್ ಅನ್ನುವ ತಂಡ ಮತ್ತೊಂದು. ಮೂವರದೂ ಬೇರೆ ಬೇರೆ ಸಾಫ್ಟ್‌ವೇರ್. ಒಬ್ಬರು ಅಂಕಿ ತಿದ್ದಿದರೆ ಉಳಿದ ಇಬ್ಬರ ಜೊತೆ ತಾಳೆ ಆಗುವುದಿಲ್ಲ. ಹಿತ್ತಿಲಲ್ಲಿ ಟೆಲಿಸ್ಕೋಪ್ ಇಟ್ಟುಕೊಂಡ ಹವ್ಯಾಸಿಗಳೂ ನೋಡುತ್ತಿರುತ್ತಾರೆ. ಆಕಾಶಕ್ಕೆ ಗೋಡೆ ಕಟ್ಟಲು ಯಾರಿಂದಲೂ ಆಗುವುದಿಲ್ಲ. ವೈಆರ್4 ವಿಷಯ ಎಲ್ಲರಿಗೂ ಗೊತ್ತಾಗಿದ್ದೇ ಒಂದು ನಿಯಮದಿಂದ: ಬಂಡೆ 10 ಮೀಟರಿಗಿಂತ ದೊಡ್ಡದಿದ್ದು ಸಾಧ್ಯತೆ ಶೇ. 1 ದಾಟಿದರೆ ಅಂತರರಾಷ್ಟ್ರೀಯ ಕ್ಷುದ್ರಗ್ರಹ ಎಚ್ಚರಿಕೆ ಜಾಲ ಅದನ್ನು ಪ್ರಕಟಿಸಬೇಕು. ಅದು 2025ರ ಜನವರಿ 29ರಂದು ಪ್ರಕಟಿಸಿತು. ಹೇಳಿದರೆ ಹೆದರಿಸಿದರು ಅನ್ನುತ್ತೇವೆ, ಹೇಳದಿದ್ದರೆ ಮುಚ್ಚಿಟ್ಟರು ಅನ್ನುತ್ತೇವೆ. ಅವರೇನು ಮಾಡಬೇಕು ಪಾಪ?

ತಪ್ಪು ಇರುವುದು ಸುದ್ದಿ ಬರೆಯುವ ರೀತಿಯಲ್ಲಿ. "ಸಾಧ್ಯತೆ ಹೆಚ್ಚಳ, ವಿಜ್ಞಾನಿಗಳಲ್ಲಿ ಆತಂಕ" ಅಂತ ಬರೆಯುವವರು, ಈ ಅಂಕಿ ಇನ್ನೂ ಸ್ವಲ್ಪ ಏರಿ ಆಮೇಲೆ ಬೀಳುವ ಸಾಧ್ಯತೆಯೇ ಜಾಸ್ತಿ ಅನ್ನುವ ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ವಿಜ್ಞಾನಿಗಳು ಅದನ್ನು ಜನವರಿಯಿಂದಲೇ ಹೇಳುತ್ತಿದ್ದರು. ಆ ಸಾಲು ಮಾತ್ರ ಎಲ್ಲೋ ಕೊನೆಯ ಪ್ಯಾರಾದಲ್ಲಿ ಸೇರಿಕೊಳ್ಳುತ್ತಿತ್ತು, ಅಥವಾ ಇರುತ್ತಲೇ ಇರಲಿಲ್ಲ.

ಅಪಾಯದಲ್ಲಿವೆ ಅಂದ ಊರುಗಳ ಕಥೆಯೂ ಹಾಗೇ. ಬಡಿದರೆ ಎಲ್ಲಿ ಅನ್ನುವುದಕ್ಕೆ ಒಂದು ಉದ್ದನೆಯ ಗೆರೆ ಬಂದಿತ್ತು: ಪೆಸಿಫಿಕ್‌ನ ಪೂರ್ವ ಭಾಗ, ದಕ್ಷಿಣ ಅಮೆರಿಕದ ಉತ್ತರ ತುದಿ, ಅಟ್ಲಾಂಟಿಕ್, ಆಫ್ರಿಕಾ, ಅರಬ್ಬಿ ಸಮುದ್ರ, ದಕ್ಷಿಣ ಏಷ್ಯಾ. ಗೆರೆಯ ಮೇಲಿರುವ ದೊಡ್ಡ ನಗರಗಳ ಹೆಸರನ್ನೆಲ್ಲ ಬರೆದು "ಈ ನಗರಗಳಿಗೆ ಅಪಾಯ" ಅಂದರು. ಓದಿದವರಿಗೆ ಬಂಡೆ ಗೆರೆಯುದ್ದಕ್ಕೂ ಉರುಳಿಕೊಂಡು ಹೋಗುತ್ತದೆ ಅನ್ನುವ ಹಾಗಿತ್ತು. ಗೆರೆ ಬಂದಿದ್ದು ಅದೇ ಸಪೂರ ಪಟ್ಟಿಯಿಂದ. ಪಟ್ಟಿ ಭೂಮಿಯನ್ನು ಎಲ್ಲೆಲ್ಲಿ ಸವರುತ್ತದೋ ಅದೇ ಗೆರೆ. ಬಡಿದಿದ್ದರೆ ಆ ಗೆರೆಯ ಮೇಲೆ ಎಲ್ಲೋ ಒಂದು ಕಡೆ, ಹೆಚ್ಚಾಗಿ ಸಮುದ್ರದ ಮೇಲೋ ಜನವಿಲ್ಲದ ಜಾಗದ ಮೇಲೋ. ಆ ಶೇ. 3.1 ಅನ್ನುವುದೂ ಇಡೀ ಗೆರೆಗೆ ಸೇರಿ ಕೊಟ್ಟ ಅಂಕಿ. ಒಂದು ನಗರದ ಪಾಲಿಗೆ ಬರುವುದು ಅದರ ಸಣ್ಣ ಚೂರು.

ಗಾತ್ರದ ವಿಷಯದಲ್ಲೂ ಒಂದು ಗೊಂದಲ. ಮೊದಲು 40ರಿಂದ 90 ಮೀಟರ್ ಅಂದರು. ಅಷ್ಟು ಅಂತರ ಯಾಕೆ ಅಂದರೆ, ಚುಕ್ಕೆ ಎಷ್ಟು ಹೊಳೆಯುತ್ತದೆ ಅನ್ನುವುದಷ್ಟೇ ಕಾಣುತ್ತದೆ. ಇದ್ದಿಲಿನಷ್ಟು ಕಪ್ಪಾದ ದೊಡ್ಡ ಬಂಡೆ, ಬೆಳ್ಳಗಿನ ಸಣ್ಣ ಬಂಡೆ, ಎರಡೂ ಒಂದೇ ಥರ ಹೊಳೆಯಬಹುದು. ಆಮೇಲೆ ಬಾಹ್ಯಾಕಾಶದಲ್ಲಿರುವ ಜೇಮ್ಸ್ ವೆಬ್ ಟೆಲಿಸ್ಕೋಪ್ ಅದರ ಶಾಖ ಅಳೆದು ಸುಮಾರು 60 ಮೀಟರ್ ಅಂತ ಹೇಳಿತು. 1908ರಲ್ಲಿ ಸೈಬೀರಿಯಾದ ತುಂಗುಸ್ಕಾದಲ್ಲಿ 2,000 ಚದರ ಕಿ.ಮೀ.ಗೂ ಜಾಸ್ತಿ ಕಾಡು ಮಲಗಿಸಿದ್ದು ಹೆಚ್ಚುಕಮ್ಮಿ ಇಷ್ಟೇ ದೊಡ್ಡದು ಅನ್ನುವ ಅಂದಾಜಿದೆ. ನಗರದ ಮೇಲೆ ಆದರೆ ಭಯಂಕರ, ಪ್ರಳಯ ಅಂತೂ ಅಲ್ಲ. "ಭೂಮಿಯ ಅಂತ್ಯ" ಅಂತ ಬರೆದವರು ಈ ಅಂಕಿ ನೋಡಿರಲಿಕ್ಕಿಲ್ಲ.

ವರ್ಷವಿಡೀ ಬರುವ "ಅಪಾಯಕಾರಿ ಕ್ಷುದ್ರಗ್ರಹ ಇಂದು ಭೂಮಿಯ ಸಮೀಪ" ಅನ್ನುವ ಸುದ್ದಿಯ ಬಗ್ಗೆ ಜಾಸ್ತಿ ಹೇಳುವಂಥದ್ದೇನಿಲ್ಲ. ಸುಮಾರು 140 ಮೀಟರಿಗಿಂತ ದೊಡ್ಡದಿದ್ದು, ಅದರ ದಾರಿ ನಮ್ಮ ದಾರಿಯಿಂದ 75 ಲಕ್ಷ ಕಿ.ಮೀ. ಒಳಗೆ ಬಂದರೆ ಆ ಹಣೆಪಟ್ಟಿ ಹಚ್ಚುತ್ತಾರೆ. 75 ಲಕ್ಷ ಕಿ.ಮೀ. ಅಂದರೆ ಚಂದ್ರನ ದೂರದ ಸುಮಾರು 20 ಪಟ್ಟು. ಕಣ್ಣಿಡಬೇಕಾದವುಗಳ ಕಡತ ಅದು, ಅಷ್ಟೇ. ಬಡಿಯುವ ಗಂಭೀರತೆ ಅಳೆಯಲು ಬೇರೆಯೇ ಟೊರಿನೊ ಮಾಪಕ ಇದೆ, 0ಯಿಂದ 10ರವರೆಗೆ. ಈವರೆಗೆ ಅದರಲ್ಲಿ 4 ಮುಟ್ಟಿದ್ದು ಅಪೋಫಿಸ್ ಒಂದೇ, ವೈಆರ್4 ಮುಟ್ಟಿದ್ದು 3. ಸುದ್ದಿಯಲ್ಲಿ ಟೊರಿನೊ ಸಂಖ್ಯೆ 0 ಅಂತಿದ್ದರೆ ಪುಟ ತಿರುಗಿಸಿ.

ಭೂಮಿ ಪಾರಾದ ಮೇಲೆ "ಈಗ ಚಂದ್ರನ ಸರದಿ" ಅಂತ ಮತ್ತೆ ಶುರುವಾಯಿತು. 2025ರ ಮೇ ತಿಂಗಳಲ್ಲಿ ವೆಬ್ ಮತ್ತೊಮ್ಮೆ ನೋಡಿದ ಮೇಲೆ ಚಂದ್ರನಿಗೆ ಬಡಿಯುವ ಸಾಧ್ಯತೆ ಶೇ. 3.8ರಿಂದ 4.3ಕ್ಕೆ ಏರಿತು. ಯಾಕೆ ಏರಿತು ಅಂತ ಈಗ ನೀವೇ ಹೇಳಬಹುದು. ಪಟ್ಟಿ ಕುಗ್ಗಿತ್ತು, ಚಂದ್ರ ಆಗ ಇನ್ನೂ ಪಟ್ಟಿಯ ಒಳಗಿದ್ದ.

ದುಡ್ಡಿಗಾಗಿ ಹೆದರಿಸುತ್ತಾರೆ, ಇಷ್ಟು ಬೇಗ ಯಾಕೆ ಹೇಳಬೇಕು, ಖಚಿತವಾದ ಮೇಲೆ ಹೇಳಲಿ ಅನ್ನುವ ವಾದ ಒಂದು ಉಳಿಯಿತು. ಇಲ್ಲಿ ಆ 1 ಸೆಂ.ಮೀ. ವಾಪಸ್ ಬರುತ್ತದೆ. ಸೆಕೆಂಡಿಗೆ 1 ಸೆಂ.ಮೀ. ವ್ಯತ್ಯಾಸ 8 ವರ್ಷದಲ್ಲಿ ಸಾವಿರಾರು ಕಿ.ಮೀ. ಆಗುತ್ತದೆ ಅಂದೆವಲ್ಲ, ನಮ್ಮ ಲೆಕ್ಕ ಕೆಡಿಸುವ ಇದೇ ಗುಣ ನಮ್ಮನ್ನು ಉಳಿಸಲೂಬಹುದು. ಬಂಡೆಯನ್ನು ಒಡೆದು ಪುಡಿ ಮಾಡಬೇಕಾಗಿಲ್ಲ. ಬೇಗ ಹೋಗಿ ಒಂಚೂರು ತಳ್ಳಿದರೆ ಸಾಕು, ಉಳಿದದ್ದನ್ನು ಕಾಲವೇ ಮಾಡುತ್ತದೆ. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಡೈಮಾರ್ಫೋಸ್ ಅನ್ನುವ ಸುಮಾರು 160 ಮೀಟರಿನ ಬಂಡೆಗೆ ಬೇಕಂತಲೇ ಗುದ್ದಿತು. ಅದು ಬದಲಾಯಿಸಿದ ವೇಗ ಸೆಕೆಂಡಿಗೆ ಸುಮಾರು 2.7 ಮಿ.ಮೀ. ಮಾತ್ರ. ಅಷ್ಟಕ್ಕೇ, ಜೊತೆಗಿರುವ ದೊಡ್ಡ ಬಂಡೆಯ ಸುತ್ತ ಅದು ಹಾಕುತ್ತಿದ್ದ 11 ಗಂಟೆ 55 ನಿಮಿಷದ ಸುತ್ತು 32 ನಿಮಿಷ ಕಮ್ಮಿಯಾಯಿತು. ಬಡಿಯುವ ದಿನಕ್ಕೆ ಹತ್ತು ವರ್ಷ ಮುಂಚೆ ಕೊಟ್ಟರೆ ಕೆಲಸಕ್ಕೆ ಬರುವ ಮಿಲಿಮೀಟರಿನ ಏಟು, ಹತ್ತು ದಿನ ಮುಂಚೆ ಕೊಟ್ಟರೆ ಏನೂ ಮಾಡುವುದಿಲ್ಲ. ನೌಕೆ ಕಟ್ಟಲು ವರ್ಷಗಳು ಬೇಕು, ತಲುಪಲು ಇನ್ನಷ್ಟು ಕಾಲ ಬೇಕು. ಶೇ. 100 ಆಗಲಿ ಅಂತ ಕಾಯುತ್ತಾ ಕೂತರೆ ತಳ್ಳುವ ಹೊತ್ತು ದಾಟಿರುತ್ತದೆ. ಅದಕ್ಕೇ ಶೇ. 1ಕ್ಕೇ ಗಂಟೆ ಬಾರಿಸುವುದು.

ಇಂಥ ಸುದ್ದಿ ಇನ್ನು ಮುಂದೆ ಜಾಸ್ತಿಯಾಗುತ್ತದೆ, ಕಮ್ಮಿಯಾಗುವುದಿಲ್ಲ. 2025ರ ನವೆಂಬರ್ ಹೊತ್ತಿಗೆ ಭೂಮಿಯ ಆಸುಪಾಸು ಬರುವ ಕ್ಷುದ್ರಗ್ರಹಗಳ ಎಣಿಕೆ 40,000 ದಾಟಿತು. ಚಿಲಿಯಲ್ಲಿ ಹೊಸದಾಗಿ ಕಣ್ಣು ತೆರೆದ ವೆರಾ ರೂಬಿನ್ ವೀಕ್ಷಣಾಲಯ, 2025ರ ಜೂನ್‌ನಲ್ಲಿ ಮೊದಲ ಚಿತ್ರಗಳನ್ನು ಬಿಡುಗಡೆ ಮಾಡಿದಾಗಲೇ, ಸುಮಾರು 10 ಗಂಟೆಗಳ ವೀಕ್ಷಣೆಯಲ್ಲಿ 2,104 ಹೊಸ ಕ್ಷುದ್ರಗ್ರಹಗಳನ್ನು ತೋರಿಸಿತು. ಅವುಗಳಲ್ಲಿ ಭೂಮಿಯ ಹತ್ತಿರ ಬರುವಂಥವು 7, ಯಾವುದರಿಂದಲೂ ಅಪಾಯವಿಲ್ಲ. ಹುಡುಕುವ ಕಣ್ಣು ಚುರುಕಾದಷ್ಟೂ ಮೊದಲ ವಾರದ ಉದ್ದನೆಯ ಪಟ್ಟಿಗಳೂ ಜಾಸ್ತಿ, ಶೇ. 0.2, ಶೇ. 1 ಅನ್ನುವ ತಲೆಬರಹಗಳೂ ಜಾಸ್ತಿ. ಬಂಡೆಗಳು ಹೊಸದಾಗಿ ಬರುತ್ತಿಲ್ಲ. ಇಷ್ಟು ವರ್ಷವೂ ಅವು ಹೀಗೇ ಓಡಾಡುತ್ತಿದ್ದವು, ನಮಗೆ ಕಾಣುತ್ತಿರಲಿಲ್ಲ. ಮುಂದಿನ ಸಲ ಇಂಥ ಸುದ್ದಿ ಓದುವಾಗ ಶೇಕಡಾ ಅಂಕಿಯನ್ನು ಆಮೇಲೆ ನೋಡಿ. ಎಷ್ಟು ದಿನದ ಅಳತೆ ಅದರ ಹಿಂದಿದೆ ಅಂತ ಮೊದಲು ಹುಡುಕಿ. ಹತ್ತೇ ದಿನದ್ದಾದರೆ ಆ ಅಂಕಿ ಇನ್ನೂ ಕುಣಿಯುವುದಿದೆ ಅಂತಲೇ ಅರ್ಥ.

ನನಗೆ ನಿಜವಾದ ಚಿಂತೆ ಇರುವುದು ಸುದ್ದಿಯಾಗದ ಬಂಡೆಗಳ ಬಗ್ಗೆ. 2013ರ ಫೆಬ್ರವರಿ 15ರಂದು ಎಲ್ಲರ ಗಮನ 2012 ಡಿಎ14 ಅನ್ನುವ ಕ್ಷುದ್ರಗ್ರಹದ ಮೇಲಿತ್ತು. ಅದು 27,700 ಕಿ.ಮೀ. ದೂರದಲ್ಲಿ ಹಾದು ಹೋಗಬೇಕಿತ್ತು, ಹೇಳಿದ ಹಾಗೇ ಹೋಯಿತು. ಅದೇ ದಿನ ಬೆಳಿಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ, ಯಾರೂ ನೋಡಿರದ ಸುಮಾರು 20 ಮೀಟರಿನ ಬೇರೊಂದು ಬಂಡೆ ಸಿಡಿಯಿತು. ಜನ ಬೆಳಕು ನೋಡಲು ಕಿಟಕಿಗೆ ಬಂದರು. ಒಂದೆರಡು ನಿಮಿಷದ ಮೇಲೆ ಗಾಳಿಯ ಹೊಡೆತ ಬಂತು, ಗಾಜು ಒಡೆದು ಸಿಡಿಯಿತು. ಗಾಯಗೊಂಡವರು ಸುಮಾರು 1,500, ಬಹಳಷ್ಟು ಜನಕ್ಕೆ ಗಾಜಿನಿಂದಲೇ. ಆಕಾಶದಲ್ಲಿ ಅಂಥ ಬೆಳಕು ಕಂಡರೆ ಕಿಟಕಿಯಿಂದ ದೂರ ಹೋಗಬೇಕು ಅನ್ನುವುದು ಆ ದಿನ ಕಲಿತ ಪಾಠ.

ಅದು ಕಾಣದೆ ಇದ್ದದ್ದು ಯಾಕೆ ಅಂದರೆ, ಸೂರ್ಯನ ದಿಕ್ಕಿನಿಂದ ಬಂದಿತ್ತು. ಹಗಲಿನ ಆಕಾಶದಲ್ಲಿ ನೆಲದ ಮೇಲಿನ ಯಾವ ಟೆಲಿಸ್ಕೋಪೂ ಅದನ್ನು ಹಿಡಿಯುವುದಿಲ್ಲ. ವೈಆರ್4 ಕೂಡ ನಮ್ಮನ್ನು ದಾಟಿ ಎರಡು ದಿನ ಆದಮೇಲೆ ತಾನೇ ಸಿಕ್ಕಿದ್ದು. ಈ ಕುರುಡು ಜಾಗವನ್ನು ನೋಡಲಿಕ್ಕೆಂದೇ ನಾಸಾ ನಿಯೋ ಸರ್ವೇಯರ್ ಅನ್ನುವ ಟೆಲಿಸ್ಕೋಪ್ ಕಟ್ಟುತ್ತಿದೆ. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದಲ್ಲಿ ನಿಂತು, ಬೆಳಕಿನ ಬದಲು ಬಂಡೆಗಳ ಶಾಖವನ್ನು ಹುಡುಕುವ ಕೆಲಸ ಅದರದ್ದು. ಶಾಖ ಅಳೆಯುವುದರಿಂದ ಕಪ್ಪು ಬಂಡೆಗಳೂ ತಪ್ಪಿಸಿಕೊಳ್ಳುವುದಿಲ್ಲ, ಗಾತ್ರವೂ ಮೊದಲೇ ಸುಮಾರಾಗಿ ಗೊತ್ತಾಗುತ್ತದೆ. 2027ರಲ್ಲಿ ಹಾರಿಸುವ ಯೋಜನೆ ಇದೆ. "ದುಡ್ಡಿಗಾಗಿ ಹೆದರಿಸ್ತಾರೆ" ಅನ್ನುವವರು ಲೆಕ್ಕ ಕೇಳುವುದಿದ್ದರೆ ಕೇಳಲಿ, ಈ ಒಂದು ಟೆಲಿಸ್ಕೋಪಿನ ದುಡ್ಡನ್ನು ಮಾತ್ರ ನಾನು ಪ್ರಶ್ನೆ ಮಾಡುವುದಿಲ್ಲ.